ಒಂದೇ ಕೇಬಲ್‌ನಲ್ಲಿ ಕರೆಂಟೂ ಡೇಟಾನೂ: ಮನೆಗೆ ಪಿಒಇ ಹಾಕಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಊರಿನ ಮನೆಯ ಅಡಿಕೆ ಅಂಗಳದ ಮೂಲೆಗೆ ಒಂದು ಕ್ಯಾಮೆರಾ ಹಾಕಿಸಿದ್ದೆವು. ಹಗಲೆಲ್ಲ ಚೆನ್ನಾಗಿ ಓಡುತ್ತಿತ್ತು. ಕತ್ತಲಾಗುತ್ತಿದ್ದಂತೆ ಆಫ್. ಎರಡು ನಿಮಿಷಕ್ಕೆ ಮತ್ತೆ ಆನ್, ಮತ್ತೆ ಆಫ್. ಬೆಳಗಾಗುವವರೆಗೂ ಇದೇ ಆಟ. "ಕಳ್ಳರಿಗೆ ಟೈಮ್ ಟೇಬಲ್ ಬರೆದುಕೊಟ್ಟ ಹಾಗಾಯ್ತಲ್ಲೋ" ಅಂದರು ಅಪ್ಪಯ್ಯ. ಹಾಕಿದವರನ್ನು ಕರೆಸಿದೆ. "ಸಾರ್, ಆ ಲಾಟೇ ಸರಿ ಇಲ್ಲ" ಎಂದು ಹೊಸ ಕ್ಯಾಮೆರಾ ಕೂರಿಸಿ ಹೋದರು. ಹೊಸದೂ ಸಂಜೆ ಏಳಕ್ಕೆ ಕಣ್ಣು ಮುಚ್ಚಿತು.

ಕೊನೆಗೆ ನಾನೇ ಮಲ್ಟಿಮೀಟರ್ ಹಿಡಿದು ಕೂತೆ. ಕ್ಯಾಮೆರಾದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು 60 ಮೀಟರ್ ಕೇಬಲ್‌ನಲ್ಲಿ, ಅದರೊಳಗೆ ಕಳಿಸಿದ್ದ 12 ವೋಲ್ಟ್‌ನಲ್ಲಿ. ಅವತ್ತಿನಿಂದ ನೆಂಟರಿಷ್ಟರ ಮನೆಯಲ್ಲಿ ಕ್ಯಾಮೆರಾ, ವೈಫೈ ಕೈಕೊಟ್ಟರೆ ನಾನು ಮೊದಲು ಡಬ್ಬಿಗಳನ್ನು ನೋಡುವುದಿಲ್ಲ, ತಂತಿಯನ್ನು ನೋಡುತ್ತೇನೆ. ಈ ಬರಹವೂ ಹಾಗೇ: ನೆಟ್‌ವರ್ಕ್ ಸ್ವಿಚ್ (ಒಂದು ನೆಟ್ ಕೇಬಲನ್ನು ಹಲವು ಸಾಧನಗಳಿಗೆ ಹಂಚುವ ಡಬ್ಬಿ) ಬಗ್ಗೆ ಸ್ವಲ್ಪ, ತಂತಿ ಬಗ್ಗೆ ಜಾಸ್ತಿ.

ಪಿಒಇ ಅಂದರೆ ಏನು?

ಪವರ್ ಓವರ್ ಈಥರ್‌ನೆಟ್, ಚಿಕ್ಕದಾಗಿ ಪಿಒಇ. ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟನ್ನೂ ಕಳಿಸುವ ವಿಧಾನ. ಸೂರಿನಡಿ ಕ್ಯಾಮೆರಾಕ್ಕೆ, ಚಾವಣಿಗೆ ಅಂಟಿಸಿದ ವೈಫೈ ಡಬ್ಬಿಗೆ, ಆಫೀಸಿನ ಐಪಿ ಫೋನಿಗೆ ಬೇರೆ ಪ್ಲಗ್ ಪಾಯಿಂಟ್ ಬೇಕಿಲ್ಲ.

ಇದು ಹೊಸ ಉಪಾಯವೇನಲ್ಲ. ಹಳೇ ಲ್ಯಾಂಡ್‌ಲೈನ್ ಫೋನ್ ನೆನಪಿದೆಯಾ? ಊರಿಡೀ ಕರೆಂಟ್ ಹೋಗಿದ್ದರೂ ಅದು ಟ್ರಿಣ್ ಟ್ರಿಣ್ ಅನ್ನುತ್ತಿತ್ತು. ಎಕ್ಸ್‌ಚೇಂಜ್‌ನ ಬ್ಯಾಟರಿಯಿಂದ 48 ವೋಲ್ಟ್ ಡಿಸಿ ಅದೇ ಎರಡು ತಂತಿಯಲ್ಲಿ ಮನೆಗೆ ಬರುತ್ತಿತ್ತು, ಮಾತೂ ಅದರಲ್ಲೇ. ಕಂಪ್ಯೂಟರ್ ಕೇಬಲ್‌ನಲ್ಲಿ ಓಡುವ ಫೋನ್‌ಗಳು ಬಂದಾಗ ಅದಕ್ಕೂ ಇದೇ ಸೌಲಭ್ಯ ಬೇಕಾಯಿತು. 2000ದಲ್ಲಿ ಸಿಸ್ಕೋ ತನ್ನದೇ ರೀತಿಯಲ್ಲಿ ಇದನ್ನು ತಂದಿತು. 2003ರಲ್ಲಿ ಐಇಇಇ ಸಂಸ್ಥೆ ಎಲ್ಲ ಕಂಪನಿಗಳಿಗೂ ಅನ್ವಯಿಸುವ 802.3ಎಎಫ್ ಎಂಬ ಮಾನದಂಡ ಮಾಡಿತು.

ಒಂದೇ ತಂತಿಯಲ್ಲಿ ಎರಡೂ ಹೋದರೆ ಕಲಬೆರಕೆ ಆಗುವುದಿಲ್ವಾ? ಆಗುವುದಿಲ್ಲ. ಕೇಬಲ್‌ನೊಳಗೆ ಎಂಟು ತಂತಿ, ಹೊಸೆದ ನಾಲ್ಕು ಜೋಡಿ. ಡೇಟಾ ಓದುವ ಚಿಪ್ ಗಮನಿಸುವುದು ಜೋಡಿಯ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ. ಎರಡೂ ತಂತಿಗೆ ಒಂದೇ ವೋಲ್ಟೇಜ್ ಏರಿಸಿದರೆ ವ್ಯತ್ಯಾಸ ಹಾಗೇ ಇರುತ್ತದೆ. ಅಣ್ಣ ತಮ್ಮ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಹತ್ತಿಸಿ ನಿಲ್ಲಿಸಿದರೆ ಯಾರು ಎಷ್ಟು ಇಂಚು ಉದ್ದ ಎಂಬ ಲೆಕ್ಕ ಬದಲಾಗುತ್ತದಾ? ಒಂದು ಜೋಡಿ ಪ್ಲಸ್, ಇನ್ನೊಂದು ಜೋಡಿ ಮೈನಸ್. ಕೊನೆಯಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರ್‌ನ ನಡುಮಧ್ಯದಿಂದ ಕರೆಂಟನ್ನು ಬೇರೆ ಮಾಡಿಕೊಳ್ಳುತ್ತಾರೆ.

ಕೊಡುವ ಮೊದಲು ಕೇಳುತ್ತದೆ

ಪಿಒಇ ಸ್ವಿಚ್‌ಗೆ ಲ್ಯಾಪ್‌ಟಾಪ್ ಚುಚ್ಚಿದರೆ ಸುಟ್ಟುಹೋಗುತ್ತದಾ ಎಂದು ತುಂಬ ಜನ ಕೇಳುತ್ತಾರೆ. ಮಾನದಂಡ ಪಾಲಿಸುವ ಸ್ವಿಚ್ ಆದರೆ ಇಲ್ಲ. ಅದು ಮೊದಲು 3ರಿಂದ 10 ವೋಲ್ಟ್ ಆಸುಪಾಸಿನಲ್ಲಿ ಮೆಲ್ಲಗೆ ತಟ್ಟಿ ನೋಡುತ್ತದೆ. ಆ ತುದಿಯಲ್ಲಿ 25 ಕಿಲೋ ಓಮ್‌ನ ರೆಸಿಸ್ಟರ್ ಸಿಕ್ಕರೆ "ಓಹೋ, ಕರೆಂಟ್ ಬೇಕಾದವನು" ಎಂದು ಅರ್ಥ. ಆಮೇಲೆ 15ರಿಂದ 20 ವೋಲ್ಟ್‌ಗೆ ಏರಿಸಿ, ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ನೋಡಿ ಯಾವ ಕ್ಲಾಸ್, ಅಂದರೆ ಎಷ್ಟು ವ್ಯಾಟ್ ಬೇಕೆನ್ನುವ ದರ್ಜೆ, ಎಂದು ಗುರುತಿಸುತ್ತದೆ. ಇಷ್ಟಾದ ಮೇಲಷ್ಟೇ ಪೂರ್ತಿ 44ರಿಂದ 57 ವೋಲ್ಟ್. ಕೇಬಲ್ ಕಿತ್ತರೆ ಅರ್ಧ ಸೆಕೆಂಡೂ ಕಳೆಯುವ ಮೊದಲು ನಿಲ್ಲಿಸುತ್ತದೆ.

ಆದರೆ ಪ್ಯಾಸಿವ್ ಪಿಒಇ ಅಂತ ಇನ್ನೊಂದಿದೆ. ಅದು ಯಾರನ್ನೂ ಕೇಳುವುದಿಲ್ಲ. ಪ್ಲಗ್ ಹಾಕಿದ ಕೂಡಲೇ 24 ವೋಲ್ಟೋ 12 ವೋಲ್ಟೋ ತಂತಿಯಲ್ಲಿ ಇದ್ದೇ ಇರುತ್ತದೆ. ಇಂಟರ್ನೆಟ್ ಕೊಡುವವರು ಮಾಳಿಗೆಯ ಮೇಲೆ ನಿಲ್ಲಿಸುವ ವೈರ್‌ಲೆಸ್ ರೇಡಿಯೋಗಳ ಜೊತೆ ಬರುವ ಕಪ್ಪು ಅಡಾಪ್ಟರ್ ಹೆಚ್ಚಾಗಿ ಈ ಜಾತಿ. ಅದರ ಪಿಒಇ ಎಂದು ಬರೆದ ತೂತಿಗೆ ಲ್ಯಾಪ್‌ಟಾಪ್ ಚುಚ್ಚಿದರೆ ಪೋರ್ಟ್ ಸುಡಬಹುದು. ಇಂಥ ಅಡಾಪ್ಟರ್ ಮನೆಯಲ್ಲಿದ್ದರೆ ಇವತ್ತೇ ಒಂದು ಕೆಂಪು ಟೇಪ್ ಸುತ್ತಿಡಿ.

ಹೆಜ್ಜೆ 1: ವ್ಯಾಟ್ ಲೆಕ್ಕ ಬರೆಯಿರಿ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಎಲ್ಲ ಸಾಧನಗಳನ್ನೂ ಬರೆಯಿರಿ. ಪ್ರತಿಯೊಂದರ ಹಿಂದಿನ ಸ್ಟಿಕರ್ ಅಥವಾ ಕೈಪಿಡಿಯಲ್ಲಿ ಎಷ್ಟು ವ್ಯಾಟ್, ಯಾವ ಮಾನದಂಡ ಎಂದಿರುತ್ತದೆ. ರಾತ್ರಿಯ ಲೆಕ್ಕವನ್ನೇ ಹಿಡಿಯಿರಿ. ಇನ್‌ಫ್ರಾರೆಡ್ ದೀಪ ಹತ್ತಿದರೆ ಕ್ಯಾಮೆರಾದ ಹಸಿವು ದುಪ್ಪಟ್ಟಾಗಬಹುದು.

ಮಾನದಂಡಗಳು ಮೂರು:

802.3ಎಎಫ್ (2003): ಸ್ವಿಚ್ ಕೊಡುವುದು 15.4 ವ್ಯಾಟ್, ಆಚೆ ತುದಿಗೆ ಖಾತ್ರಿ 12.95 ವ್ಯಾಟ್. ಸಾಮಾನ್ಯ ಕ್ಯಾಮೆರಾ, ಐಪಿ ಫೋನ್‌ಗೆ ಸಾಕು.

802.3ಎಟಿ (2009), ಪಿಒಇ ಪ್ಲಸ್: 30 ವ್ಯಾಟ್ ಕೊಟ್ಟು 25.5 ತಲುಪಿಸುತ್ತದೆ. ಒಳ್ಳೇ ವೈಫೈ ಡಬ್ಬಿಗಳು, ತಿರುಗುವ ಕ್ಯಾಮೆರಾಗಳು ಇದನ್ನು ಕೇಳುತ್ತವೆ.

802.3ಬಿಟಿ (2018): ನಾಲ್ಕೂ ಜೋಡಿ ಬಳಸಿ 60 ಅಥವಾ 90 ವ್ಯಾಟ್ ಕೊಡುತ್ತದೆ, ತಲುಪುವುದು 51 ಅಥವಾ 71.3. ಮನೆಗೆ ಇದು ಬೇಕಾಗುವುದು ಅಪರೂಪ. ಮಾರುವವರು ಒತ್ತಾಯ ಮಾಡಿದರೆ ಯಾತಕ್ಕೆ ಅಂತ ಕೇಳಿ.

15.4 ಕೊಟ್ಟರೆ 12.95 ಯಾಕೆ ತಲುಪುತ್ತದೆ? ಉಳಿದದ್ದು ತಂತಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಮಾನದಂಡ ಮಾಡಿದವರು ಹಳೇ ಕೇಬಲ್ 100 ಮೀಟರ್‌ಗೆ 20 ಓಮ್ ಎಂದು ಹಿಡಿದರು. ಕರೆಂಟ್ 0.35 ಆಂಪಿಯರ್. ಅದರ ವರ್ಗವನ್ನು 20ರಿಂದ ಗುಣಿಸಿ: 2.45 ವ್ಯಾಟ್. 15.4ರಲ್ಲಿ ಅದನ್ನು ಕಳೆಯಿರಿ, ಬರುತ್ತೆ 12.95. ಪಿಒಇ ಪ್ಲಸ್‌ಗೆ 0.6 ಆಂಪಿಯರ್, 12.5 ಓಮ್: ನಷ್ಟ 4.5, ಉಳಿಯುವುದು 25.5. ಅಂದರೆ ಈ ವಿಚಿತ್ರ ಅಂಕಿಗಳ ಹಿಂದೆ ಇರುವುದು ಹೈಸ್ಕೂಲಿನ ಓಮನ ನಿಯಮ, ಅಷ್ಟೇ.

ನಮ್ಮ ಅಂಗಳದ ಕ್ಯಾಮೆರಾ ಸೋತದ್ದೂ ಇದೇ ಲೆಕ್ಕದಲ್ಲಿ. ಕೇಬಲ್‌ನ ನೀಲಿ ಜೋಡಿಯನ್ನು ಆಚೆ ತುದಿಯಲ್ಲಿ ಹೊಸೆದು ಈಚೆ ಅಳೆದೆ. 17 ಓಮ್. ಅವರು ಹಾಕಿದ್ದ ಅಗ್ಗದ ಪ್ಯಾಸಿವ್ ಕಿಟ್ ನೀಲಿ ಜೋಡಿಯನ್ನು ಪ್ಲಸ್‌ಗೆ, ಕಂದು ಜೋಡಿಯನ್ನು ಮೈನಸ್‌ಗೆ ಬಳಸುತ್ತಿತ್ತು. ಹೀಗೆ ಎರಡೆರಡು ತಂತಿ ಸೇರಿದಾಗ ಹೋಗಿಬರುವ ದಾರಿ ಅದರ ಅರ್ಧ, ಎಂಟೂವರೆ ಓಮ್. 12 ವೋಲ್ಟ್‌ನಿಂದ ಆ ದಾರಿಯಲ್ಲಿ ಹೆಚ್ಚೆಂದರೆ 4.2 ವ್ಯಾಟ್ ಸಾಗುತ್ತದೆ, ತಿಪ್ಪರಲಾಗ ಹಾಕಿದರೂ ಅದಕ್ಕಿಂತ ಜಾಸ್ತಿ ಬರುವುದಿಲ್ಲ. ಹಗಲು ಕ್ಯಾಮೆರಾಕ್ಕೆ ಬೇಕಿದ್ದದ್ದು 3 ವ್ಯಾಟ್. ತುದಿಯಲ್ಲಿ 9 ಚಿಲ್ಲರೆ ವೋಲ್ಟ್ ಸಿಗುತ್ತಿತ್ತು, ಹೇಗೋ ಓಡುತ್ತಿತ್ತು. ಕತ್ತಲಾದ ಮೇಲೆ 6 ವ್ಯಾಟ್ ಕೇಳಿತು. ವೋಲ್ಟೇಜ್ ಕುಸಿಯಿತು, ಕ್ಯಾಮೆರಾ ಸತ್ತಿತು. ಸತ್ತ ಮೇಲೆ ಭಾರ ಇಲ್ಲ, ಮತ್ತೆ 12 ವೋಲ್ಟ್, ಮತ್ತೆ ಎದ್ದಿತು. ಇದೇ ಆ ಆನ್ ಆಫ್ ಆಟದ ಗುಟ್ಟು.

ಅದೇ ತಂತಿಯಲ್ಲಿ 48 ವೋಲ್ಟ್ ಕಳಿಸಿದರೆ? 6 ವ್ಯಾಟ್‌ಗೆ 0.13 ಆಂಪಿಯರ್ ಸಾಕು. ಕುಸಿಯುವುದು ಒಂದು ವೋಲ್ಟ್ ಚಿಲ್ಲರೆ. ಕ್ಯಾಮೆರಾಕ್ಕೆ ಗೊತ್ತೇ ಆಗುವುದಿಲ್ಲ. ತಮಾಷೆ ಏನೆಂದರೆ, ಆ ಕ್ಯಾಮೆರಾದ ಹಿಂದೆ "ಡಿಸಿ 12 ವೋಲ್ಟ್ / ಪಿಒಇ" ಎಂದು ಬರೆದೇ ಇತ್ತು. ಯಾರೂ ಓದಿರಲಿಲ್ಲ, ನಾನೂ ಸೇರಿ.

ಹೆಜ್ಜೆ 2: ಸ್ವಿಚ್ಚೋ ಇಂಜೆಕ್ಟರೋ?

ಸಾಧನ ಒಂದೇ ಆದರೆ ಇಂಜೆಕ್ಟರ್ ಸಾಕು. ರೂಟರ್‌ನಿಂದ ಒಂದು ಕೇಬಲ್ ಒಳಗೆ, ಕರೆಂಟ್ ಸೇರಿಸಿದ ಕೇಬಲ್ ಹೊರಗೆ. ಕೊಳ್ಳುವಾಗ 802.3ಎಎಫ್ ಅಥವಾ ಎಟಿ ಎಂದು ಬರೆದಿದೆಯಾ ನೋಡಿ. ಸುಮ್ನೆ "48 ವೋಲ್ಟ್ ಪಿಒಇ" ಎಂದಷ್ಟೇ ಇದ್ದರೆ ಅದು ಪ್ಯಾಸಿವ್ ಇರಬಹುದು.

ಎರಡು ಮೂರು ಸಾಧನ ಇದ್ದರೆ ಸ್ವಿಚ್ಚೇ ವಾಸಿ. ಇಲ್ಲಿ ಎಡವುವ ಜಾಗ ಒಂದಿದೆ. ಡಬ್ಬದ ಮೇಲೆ "8 ಪೋರ್ಟ್, ಪ್ರತಿ ಪೋರ್ಟ್‌ಗೆ 30 ವ್ಯಾಟ್" ಎಂದಿರುತ್ತದೆ. ಎಂಟು ಮೂವತ್ತಲಿ 240 ಅಂದುಕೊಂಡು ಖುಷಿಪಡಬೇಡಿ. ಒಳಗಿನ ಪುಟ್ಟ ಅಕ್ಷರದಲ್ಲಿ "ಒಟ್ಟು ಬಜೆಟ್ 65 ವ್ಯಾಟ್" ಎಂದಿರಬಹುದು. ಜಾತ್ರೆಗೆ ಎಷ್ಟು ಎಲೆ ಹಾಕಿದರೂ ಅನ್ನದ ಹಂಡೆ ಒಂದೇ. ನಾಲ್ಕು ಕ್ಯಾಮೆರಾ ತಲಾ 7 ವ್ಯಾಟ್, ಒಂದು ವೈಫೈ ಡಬ್ಬಿ 15 ವ್ಯಾಟ್, ಒಟ್ಟು 43. ಇದಕ್ಕೆ 65ರ ಬಜೆಟ್ ಆರಾಮ.

ಕೆಲವು ಸ್ವಿಚ್‌ಗಳು ಇನ್ನೊಂದು ಚೇಷ್ಟೆ ಮಾಡುತ್ತವೆ. ನಿಜವಾಗಿ ಎಷ್ಟು ಬಳಕೆ ಎಂದು ನೋಡದೆ, ಕ್ಲಾಸ್ ಪ್ರಕಾರ ಜಾಗ ಕಾಯ್ದಿರಿಸುತ್ತವೆ. ಕ್ಯಾಮೆರಾ ತನ್ನನ್ನು ಕ್ಲಾಸ್ 0 ಎಂದು ಹೇಳಿಕೊಂಡರೆ, 5 ವ್ಯಾಟ್ ತಿನ್ನುವುದಾದರೂ 15.4 ಎತ್ತಿಡುತ್ತದೆ. ಅಂಥ ನಾಲ್ಕು ಕ್ಯಾಮೆರಾಕ್ಕೇ 61.6 ಖಾಲಿ. ಐದನೆಯದಕ್ಕೆ ದೀಪವೇ ಹತ್ತುವುದಿಲ್ಲ. ಸೆಟ್ಟಿಂಗ್ ತೆರೆಯಲು ಬರುವ ಸ್ವಿಚ್ ಆದರೆ ಇದನ್ನು ಬದಲಿಸಬಹುದು. ಇಲ್ಲವಾದರೆ ಬಜೆಟ್ಟನ್ನೇ ದೊಡ್ಡದು ತಗೊಳ್ಳಿ.

ಪಿಒಇ ಗೊತ್ತಿಲ್ಲದ ಹಳೇ 12 ವೋಲ್ಟ್ ಸಾಧನ ಇದ್ದರೆ ಎಸೆಯಬೇಕಿಲ್ಲ. ಪಿಒಇ ಸ್ಪ್ಲಿಟರ್ ಎಂಬ ತುಂಡು ಡಬ್ಬಿ ಸಿಗುತ್ತದೆ. ಅದು ಆಚೆ ತುದಿಯಲ್ಲಿ 48ನ್ನು ಇಳಿಸಿ 12 ಮಾಡಿಕೊಡುತ್ತದೆ.

ಹೆಜ್ಜೆ 3: ತಾಮ್ರವೇ ಅಂತ ಕೆರೆದು ನೋಡಿ

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇದೇ. ಮಾರುಕಟ್ಟೆಯಲ್ಲಿ "ಕ್ಯಾಟ್ 6" ಎಂದು ಬರೆದ ಅಗ್ಗದ ಕೇಬಲ್‌ಗಳಲ್ಲಿ ಎಷ್ಟೋ ಸಿಸಿಎ. ಅಂದರೆ ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಲೇಪ. ನೋಡಲು ತಾಮ್ರ, ಒಳಗೆ ಬೇರೆ. ಅದೇ ದಪ್ಪದ ತಾಮ್ರಕ್ಕಿಂತ ಇದರ ತಡೆ ಸುಮಾರು ಒಂದೂವರೆ ಪಟ್ಟು. ಕೇಬಲ್ ಮಾನದಂಡಗಳು ಇದನ್ನು ಒಪ್ಪುವುದೇ ಇಲ್ಲ.

ಅಂಗಡಿಯಲ್ಲೇ ಗುರುತಿಸಬಹುದು. ಒಂದು ತಂತಿಯ ತುದಿಯ ಪ್ಲಾಸ್ಟಿಕ್ ಬಿಡಿಸಿ ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ತಾಮ್ರವಾದರೆ ಎಷ್ಟು ಕೆರೆದರೂ ಕೆಂಪು. ಸಿಸಿಎ ಆದರೆ ಎರಡು ಗೀರಿಗೆ ಬೆಳ್ಳಿ ಬಣ್ಣ ಇಣುಕುತ್ತದೆ. ಕತ್ತರಿಸಿದ ಮುಖವನ್ನು ನೇರ ನೋಡಿದರೂ ನಡುವೆ ಬಿಳಿ ಚುಕ್ಕೆ. ಹತ್ತು ಸಲ ಹಿಂದೆ ಮುಂದೆ ಬಗ್ಗಿಸಿ: ತಾಮ್ರ ಬಾಗುತ್ತದೆ, ಸಿಸಿಎ ಬೇಗ ಮುರಿಯುತ್ತದೆ. ಬಾಕ್ಸ್ ಎತ್ತಿದಾಗ ಹಗುರ ಅನಿಸಿದರೂ ಅನುಮಾನ ಪಡಿ.

ಮನೆಗೆ ತಂದ ಮೇಲೆ, ಎಳೆಯುವ ಮೊದಲು, ಮಲ್ಟಿಮೀಟರ್ ಪರೀಕ್ಷೆ. ಪೂರ್ತಿ 305 ಮೀಟರ್ ಬಾಕ್ಸ್ ಆದರೆ ಒಂದು ತುದಿಯಲ್ಲಿ ಒಂದು ಜೋಡಿಯ ಎರಡು ತಂತಿಯನ್ನೂ ಹೊಸೆಯಿರಿ, ಇನ್ನೊಂದು ತುದಿಯಲ್ಲಿ ಓಮ್ ಅಳೆಯಿರಿ. 57 ದಾಟಬಾರದು. 80ರ ಹತ್ತಿರ ಬಂದರೆ ಬಾಕ್ಸನ್ನು ಹಾಗೇ ವಾಪಸ್ ಹೊತ್ತುಕೊಂಡು ಹೋಗಿ. ತುಂಡು ಕೇಬಲ್ ಆದರೆ ಮೀಟರಿಗೆ 0.19 ಓಮ್ ಎಂದು ಗುಣಿಸಿ. ನಮ್ಮ 60 ಮೀಟರ್‌ಗೆ 11.4 ಮೀರಬಾರದಿತ್ತು, ಬಂದದ್ದು 17.

ನಿಜ ಹೇಳಬೇಕೆಂದರೆ, 48 ವೋಲ್ಟ್ ಸ್ವಿಚ್ ತಂದ ದಿನವೇ ಅದೇ ಕಳಪೆ ಕೇಬಲ್‌ನಲ್ಲೂ ಕ್ಯಾಮೆರಾ ರಾತ್ರಿಯಿಡೀ ಓಡಿತು. ಚಿಕ್ಕ ಭಾರಕ್ಕೆ ಸಿಸಿಎ ತಕ್ಷಣ ಸೋಲುವುದಿಲ್ಲ. ಅದು ಕೈಕೊಟ್ಟಿದ್ದು ಮುಂದಿನ ಮಳೆಗಾಲದಲ್ಲಿ. ಪ್ಲಗ್ಗಿನ ಬುಡದಲ್ಲಿ ಒಂದು ತಂತಿ ಪುಟ್ಟನೆ ಮುರಿದಿತ್ತು. ಜಡಿಮಳೆಯಲ್ಲಿ ಏಣಿ ಹತ್ತಿ ಅದನ್ನು ಹುಡುಕಿದವನು ನಾನು, ಹಾಗಾಗಿ ಈ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟು ಜಾಸ್ತಿ.

ಹೆಜ್ಜೆ 4: ಎಳೆಯುವುದು

ಸ್ವಿಚ್‌ನಿಂದ ಸಾಧನದವರೆಗೆ ಒಟ್ಟು 100 ಮೀಟರ್ ಮಿತಿ. ಇದು ಕರೆಂಟಿನದ್ದಕ್ಕಿಂತ ಹೆಚ್ಚಾಗಿ ಡೇಟಾದ ಮಿತಿ. ಕೆಲವು ಸ್ವಿಚ್‌ಗಳಲ್ಲಿ 250 ಮೀಟರ್‌ಗೆ ಎಕ್ಸ್‌ಟೆಂಡ್ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ವೇಗ 10 ಎಂಬಿಪಿಎಸ್‌ಗೆ ಇಳಿಯುತ್ತದೆ. ಒಂದು ಕ್ಯಾಮೆರಾಕ್ಕೆ ಪರವಾಗಿಲ್ಲ, ವೈಫೈಗೆ ಬೇಡ.

ಹೊರಗೆ ಎಳೆಯುವುದಾದರೆ ಬಿಸಿಲು ತಡೆಯುವ ಕಪ್ಪು ಹೊದಿಕೆಯ ಹೊರಾಂಗಣ ಕೇಬಲ್ಲೇ ಬೇಕು. ಒಳಾಂಗಣದ ಬೂದು ಕೇಬಲ್ ಬಿಸಿಲಿಗೆ ಸಿಕ್ಕಿದರೆ ಹೊದಿಕೆ ಬಿರುಕು ಬಿಡುತ್ತದೆ. ಅಳಿಲು, ಇಲಿ ಇರುವ ಕಡೆ ಪೈಪಿನೊಳಗೆ ಹಾಕಿ. 230 ವೋಲ್ಟ್ ವೈರಿನ ಜೊತೆ ಒಂದೇ ಪೈಪಿನಲ್ಲಿ ಮಾತ್ರ ಬೇಡವೇ ಬೇಡ. ಕೇಬಲ್ ಡಬ್ಬಿಯೊಳಗೆ ಹೋಗುವ ಮುಂಚೆ ಕೆಳಕ್ಕೆ ಜೋತುಬಿದ್ದ ಒಂದು ಬಾಗು ಕೊಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ನೀರು ಪ್ಲಗ್ಗಿನೊಳಗೆ ಇಳಿದರೆ, ಡಿಸಿ ಕರೆಂಟ್ ಇರುವುದರಿಂದ, ಪಿನ್ನುಗಳು ಬಲುಬೇಗ ಹಸಿರು ಕಿಲುಬು ಹಿಡಿಯುತ್ತವೆ.

ಹೆಜ್ಜೆ 5: ಕ್ರಿಂಪ್ ಮಾಡುವುದು

ಕ್ರಿಂಪ್ ಅಂದರೆ ಕೇಬಲ್‌ನ ತಂತಿಗಳನ್ನು ಪ್ಲಗ್ಗಿನೊಳಗೆ ತೂರಿಸಿ ಇಕ್ಕಳದಿಂದ ಒತ್ತಿ ಕಚ್ಚಿಸುವುದು. ಪ್ಲಗ್ಗಿನ ಕೊಕ್ಕೆ ಕೆಳಗಿರಲಿ, ಚಿನ್ನದ ಪಿನ್ ಮೇಲಿರಲಿ. ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಹೊಸೆತವನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬೇಡಿ. ಹೊರ ಹೊದಿಕೆಯೂ ಪ್ಲಗ್ಗಿನೊಳಗೆ ಸೇರಿ ಕಚ್ಚಿಕೊಳ್ಳಬೇಕು. ಇಲ್ಲದಿದ್ದರೆ ಎಳೆತವೆಲ್ಲ ಆ ಎಂಟು ಎಳೆಗಳ ಮೇಲೆ ಬೀಳುತ್ತದೆ.

ಎಂಟೂ ತಂತಿ ಸರಿಯಾಗಿ ಕೂರಬೇಕು. 100 ಎಂಬಿಪಿಎಸ್ ಡೇಟಾಕ್ಕೆ ಕಿತ್ತಳೆ, ಹಸಿರು ಜೋಡಿ ಸಾಕು. ಆದರೆ ಎಷ್ಟೋ ಇಂಜೆಕ್ಟರ್‌ಗಳು ಕರೆಂಟ್ ಕಳಿಸುವುದು ನೀಲಿ, ಕಂದು ಜೋಡಿಯಲ್ಲಿ. "ಲ್ಯಾಪ್‌ಟಾಪ್ ಚುಚ್ಚಿದರೆ ನೆಟ್ ಬರುತ್ತೆ, ಕ್ಯಾಮೆರಾ ಮಾತ್ರ ಏಳಲ್ಲ" ಎಂದು ಯಾರಾದರೂ ಅಂದರೆ ನಾನು ಮೊದಲು ನೋಡುವುದು ಆ ಎರಡು ಜೋಡಿಯನ್ನು.

ಹೆಜ್ಜೆ 6: ಸಿಡಿಲಿನ ಲೆಕ್ಕ

ಏಪ್ರಿಲ್, ಮೇ ತಿಂಗಳಲ್ಲಿ ಮಲೆನಾಡು, ಕರಾವಳಿಯ ಸಂಜೆ ಮಳೆ ಬರುವುದೇ ಗುಡುಗು ಸಿಡಿಲಿನ ಜೊತೆ. ಹೊರಗೆ ಎಳೆದ ಉದ್ದ ಕೇಬಲ್ ಅದಕ್ಕೊಂದು ದಾರಿ. ಹತ್ತಿರದಲ್ಲೆಲ್ಲೋ ಬಡಿದರೂ ತಂತಿಯಲ್ಲಿ ವೋಲ್ಟೇಜ್ ಚಿಮ್ಮಿ ಸ್ವಿಚ್ ಪೋರ್ಟ್, ಕ್ಯಾಮೆರಾ ಎರಡೂ ಹೋಗಬಹುದು. ಎರಡೂ ತುದಿಗೆ ಪಿಒಇಗೆ ಹೊಂದುವ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದರ ಹಸಿರು ವೈರನ್ನು ದಪ್ಪ, ಗಿಡ್ಡ ತಂತಿಯಲ್ಲಿ ಅರ್ಥಿಂಗ್‌ಗೆ ಸೇರಿಸಿ. ಅರ್ಥಿಂಗ್ ಇಲ್ಲದ ಸರ್ಜ್ ಪ್ರೊಟೆಕ್ಟರ್ ಬರೀ ಅಲಂಕಾರ. ನೇರ ಸಿಡಿಲು ಬಡಿದರೆ ಯಾವುದೂ ಉಳಿಯುವುದಿಲ್ಲ, ಅದು ಬೇರೆ ಮಾತು.

ಮನೆಯಿಂದ ದೂರದ ಕೊಟ್ಟಿಗೆ, ಪಂಪ್ ಶೆಡ್‌ಗೆ ಹೋಗುವುದಾದರೆ ತಾಮ್ರವನ್ನೇ ಬಿಡಿ. ಫೈಬರ್ ಎಳೆದು, ಆಚೆ ಕಟ್ಟಡದಲ್ಲಿ ಇನ್ನೊಂದು ಪುಟ್ಟ ಪಿಒಇ ಸ್ವಿಚ್ ಇಡಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, 100 ಮೀಟರ್ ಮಿತಿಯ ತಲೆನೋವೂ ಇಲ್ಲ.

ಹೆಜ್ಜೆ 7: ಆನ್ ಮಾಡಿ, ಯುಪಿಎಸ್‌ಗೆ ಸೇರಿಸಿ

ಒಂದೊಂದೇ ಸಾಧನ ಚುಚ್ಚುತ್ತಾ ಹೋಗಿ. ಪೋರ್ಟಿನ ಪಿಒಇ ದೀಪ ಹತ್ತಬೇಕು. ಎಲ್ಲ ಸೇರಿಸಿದ ಮೇಲೆ ಒಂದು ರಾತ್ರಿ ಬಿಟ್ಟು ನೋಡಿ. ಹಗಲಿನ ಪರೀಕ್ಷೆ ಪರೀಕ್ಷೆಯೇ ಅಲ್ಲ, ನಮಗೆ ಅದು ಚೆನ್ನಾಗಿ ಗೊತ್ತಾಯಿತು.

ಸ್ವಿಚ್, ರೂಟರ್, ರೆಕಾರ್ಡರ್ ಮೂರನ್ನೂ ಒಂದೇ ಯುಪಿಎಸ್ ಅಥವಾ ಮನೆಯ ಇನ್ವರ್ಟರ್ ಲೈನಿಗೆ ಹಾಕಿ. ಕರೆಂಟ್ ಹೋದರೂ ಇಡೀ ಮನೆಯ ಕ್ಯಾಮೆರಾ, ವೈಫೈ ಎಲ್ಲ ಓಡುತ್ತವೆ. ನನ್ನ ಪ್ರಕಾರ ಪಿಒಇಯ ದೊಡ್ಡ ಲಾಭ ಇದು. ಆರು ಮೂಲೆಯ ಆರು ಅಡಾಪ್ಟರಿಗೆ ಬ್ಯಾಟರಿ ಕೊಡಲು ಆಗುತ್ತದಾ?

ಕೈಕೊಟ್ಟಾಗ ಎಲ್ಲಿ ನೋಡಬೇಕು?

ಕತ್ತಲಾದ ಮೇಲೆ ಆನ್ ಆಫ್ ಆಗುತ್ತಿದೆ: ವೋಲ್ಟೇಜ್ ಕುಸಿತ. ಕೇಬಲ್‌ನ ಓಮ್ ಅಳೆಯಿರಿ, ಪ್ಯಾಸಿವ್ ಕಿಟ್ ಇದೆಯಾ ನೋಡಿ.

ಹೊಸ ಸಾಧನ ಸೇರಿಸಿದಾಗ ಹಳೆಯದೊಂದು ಆಫ್ ಆಯಿತು: ಸ್ವಿಚ್ ಬಜೆಟ್ ಮುಗಿದಿದೆ. ಬಜೆಟ್ ಮೀರಿದಾಗ ಬಹಳಷ್ಟು ಸ್ವಿಚ್‌ಗಳು ಕೊನೆಯ ನಂಬರಿನ ಪೋರ್ಟನ್ನು ಮೊದಲು ಬಿಡುತ್ತವೆ. ಮುಖ್ಯವಾದದ್ದನ್ನು ಒಂದನೇ ಪೋರ್ಟಿಗೆ ಹಾಕಿ.

ದೀಪವೇ ಹತ್ತುತ್ತಿಲ್ಲ: ಸಾಧನವನ್ನು ಒಂದು ಮೀಟರ್‌ನ ಒಳ್ಳೇ ಕೇಬಲ್‌ನಲ್ಲಿ ನೇರ ಸ್ವಿಚ್‌ಗೆ ಚುಚ್ಚಿ. ಹತ್ತಿದರೆ ತಪ್ಪು ಉದ್ದ ಕೇಬಲ್‌ನದ್ದು. ಹತ್ತದಿದ್ದರೆ ಅದು 24 ವೋಲ್ಟ್ ಪ್ಯಾಸಿವ್ ಸಾಧನ ಇರಬಹುದು, ಸ್ಟಿಕರ್ ಓದಿ.

ಮಳೆ ಬಂದಾಗ ಮಾತ್ರ ಹೋಗುತ್ತದೆ: ಪ್ಲಗ್ ತೆಗೆದು ಕಿಲುಬು ನೋಡಿ. ಕತ್ತರಿಸಿ ಹೊಸದು ಕ್ರಿಂಪ್ ಮಾಡಿ, ನೀರು ಹೋಗದ ಡಬ್ಬಿಯೊಳಗೆ ಸೇರಿಸಿ. ಪ್ಲಗ್ ಕೀಳುವ ಮೊದಲು ಸ್ವಿಚ್ ಆಫ್ ಮಾಡಿ. ಹರಿಯುವ ಕರೆಂಟಿನಲ್ಲಿ ಪದೇ ಪದೇ ಕಿತ್ತರೆ ಪಿನ್ನಿನ ಮೇಲೆ ಸಣ್ಣ ಕಿಡಿ ಹಾರಿ ಕಲೆ ಬೀಳುತ್ತದೆ.

ರಾತ್ರಿ ಚಿತ್ರದ ಮೇಲೆ ಬಿಳಿ ಗೆರೆಗಳು ಅಲ್ಲಾಡುತ್ತಿವೆ: ಇದಕ್ಕೆ ಮಲ್ಟಿಮೀಟರ್ ಬೇಡ. ಕ್ಯಾಮೆರಾದ ದೀಪಕ್ಕೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬಂದು ಲೆನ್ಸ್ ಮುಂದೆಯೇ ಬಲೆ ಕಟ್ಟುತ್ತದೆ. ನಮ್ಮ ಅಂಗಳದ ಕ್ಯಾಮೆರಾ ಈಗ ಕೊಡುವ ತೊಂದರೆ ಇದೊಂದೇ. ಅಪ್ಪಯ್ಯ ವಾರಕ್ಕೊಮ್ಮೆ ಉದ್ದ ಕೋಲಿಗೆ ಪೊರಕೆ ಕಟ್ಟಿಕೊಂಡು ಸರಿಮಾಡುತ್ತಾರೆ.